ಹಳೆಯ ಸ್ಕೂಟರ್ ಬಿಡಬೇಕೇ? ಮಗಳು ಲೆಕ್ಕದ ಹಾಳೆ ಹಿಡಿದು ಕುಳಿತಿದ್ದಾಳೆ

ಸಪ್ತಾಪುರದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆ ಧಾರವಾಡದ ಸಪ್ತಾಪುರದಲ್ಲಿ, ಕೆಲಸ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 2012ರಲ್ಲಿ ಕೊಂಡ 110 ಸಿಸಿ ಪೆಟ್ರೋಲ್ ಸ್ಕೂಟರ್ ಇದೆ. ಹೋಗಿ ಬರಲು ದಿನಕ್ಕೆ 44 ಕಿಲೋಮೀಟರ್. ಹದಿಮೂರು ವರ್ಷ ಈ ಬಗ್ಗೆ ಯಾರೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಈಗ ಒಂಬತ್ತನೆಯ ತರಗತಿಯ ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದಾರೆ: ಮನೆಯಿಂದ ತಿಂಗಳಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ, ಬರೆದು ತನ್ನಿ. ಸಿಲಿಂಡರ್ ಎಷ್ಟು ದಿನ ಬರುತ್ತದೆ, ಕರೆಂಟ್ ಬಿಲ್ಲಿನಲ್ಲಿ ಎಷ್ಟು ಯೂನಿಟ್ ಎಂದು ಅಡುಗೆಮನೆಯಿಂದ ಶುರು ಮಾಡಿದವಳು ಕೊನೆಗೆ ನನ್ನ ಸ್ಕೂಟರಿಗೆ ಬಂದು ನಿಂತಳು. ತಿಂಗಳಿಗೆ 24 ದಿನ, 1056 ಕಿಲೋಮೀಟರ್. ಲೀಟರಿಗೆ 42 ಕೊಡುತ್ತದೆ, ಅಂದರೆ 25 ಲೀಟರ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ. ಒಟ್ಟು 58 ಕಿಲೋ. ರೊಟ್ಟಿ ಮುರಿಯುತ್ತಾ ಕುಳಿತವನಿಗೆ ಓದಿ ಹೇಳಿದಳು: "ಅಪ್ಪಾ, ನಿನ್ನ ತೂಕ 62. ತಿಂಗಳಿಗೆ ಹೆಚ್ಚೂಕಡಿಮೆ ನಿನ್ನಷ್ಟೇ ತೂಕದ ಗಾಳಿ ಬಿಟ್ಟು ಬರುತ್ತೀ."

ನಾನು ಲೆಕ್ಕದವನು, ಸುಮ್ಮನೆ ಒಪ್ಪುವವನಲ್ಲ. 25 ಲೀಟರ್ ಪೆಟ್ರೋಲಿನ ತೂಕವೇ 20 ಕಿಲೋ ಆಗುವುದಿಲ್ಲ, ಅದರಿಂದ 58 ಕಿಲೋ ಹೇಗೆ ಹೊರಬರುತ್ತದೆ, ಜಮೆಗಿಂತ ಖರ್ಚು ಜಾಸ್ತಿ ಎಲ್ಲಿಂದ ಬಂತು ಎಂದು ಕೇಳಿದೆ. ಅವಳು ಹಾಳೆಯ ಹಿಂಬದಿಯಲ್ಲಿ ಒಂದು ಕಪ್ಪು ಗುಂಡು, ಅದರ ಎರಡೂ ಬದಿಗೆ ಒಂದೊಂದು ಕೆಂಪು ಗುಂಡು ಬರೆದು ತೋರಿಸಿದಳು. ಪೆಟ್ರೋಲಿನ ಇಂಗಾಲಕ್ಕೆ ಗಾಳಿಯಲ್ಲಿನ ಆಮ್ಲಜನಕ ಸೇರಿಕೊಳ್ಳುತ್ತದೆ, ಹೆಚ್ಚಿನ ತೂಕ ಅದರದು. ಜಮೆ ಗಾಳಿಯಿಂದಲೇ ಬಂದಿತ್ತು, ನಾನು ಎಂಟ್ರಿ ಹಾಕಿರಲಿಲ್ಲ ಅಷ್ಟೇ.

ಇದು ಕಣ್ಣಿಗೆ ಕಾಣದ ಲೆಕ್ಕ. ಕಾಣುವುದು ಬೇರೆ ಇದೆ. ನವಲೂರು ಸೇತುವೆಯ ಏರಿನಲ್ಲಿ ಲಾರಿಯ ಹಿಂದೆ ಸಿಕ್ಕಿಬಿದ್ದ ದಿನ, ಕಾರ್ಖಾನೆ ಮುಟ್ಟಿ ಬಿಳಿ ಕರವಸ್ತ್ರದಿಂದ ಮುಖ ಒರೆಸಿದರೆ ಮೂಗಿನ ಜಾಗದಲ್ಲಿ ಎರಡು ಕಪ್ಪು ಬೊಟ್ಟು ಮೂಡುತ್ತವೆ. ಹೆಂಡತಿ ಈಗ ನನಗೆ ಕಂದು ಬಣ್ಣದ ಕರವಸ್ತ್ರಗಳನ್ನೇ ತರುತ್ತಾಳೆ.

ಹಾಗಾಗಿ ಪ್ರಶ್ನೆ. ಸಾಲ ಮಾಡಿ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಲೇ? ಹಳೆಯದನ್ನೇ ಓಡಿಸಲೇ? ಅಥವಾ ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಹಿಡಿಯಲೇ? ಹೊಸ ಗಾಡಿ ತಯಾರಿಸುವಾಗಲೂ ಹೊಗೆ ಬರುತ್ತದಲ್ಲ, ಅದನ್ನು ಯಾರ ಖಾತೆಗೆ ಬರೆಯುವುದು? ಊರಿಗೆ ಹೋಗಲು ಒಂದು ಹಳೆಯ ಡೀಸೆಲ್ ಕಾರಿದೆ, ತಿಂಗಳಿಗೆ ಎರಡೇ ಸಲ ಹೊರಗೆ ತೆಗೆಯುತ್ತೇನೆ, ಅದರ ಮಾತು ಇಲ್ಲಿ ಬೇಡ.

ಕೇಶ್ವಾಪುರ ಗ್ಯಾರೇಜ್

ಸರ್, ಸಾಲದ ಮಾತು ಆಮೇಲೆ. ಮೊದಲು ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗದೆ ಗರ್ ಎಂದು ನಿಂತರೆ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಹಾಗಿದ್ದರೆ ದಿನವೂ ಬ್ರೇಕ್ ಒತ್ತಿಕೊಂಡೇ ಧಾರವಾಡದಿಂದ ಹುಬ್ಬಳ್ಳಿಗೆ ಬರುತ್ತಿದ್ದೀರಿ. ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಬಡಿಯಿರಿ, ನಮ್ಮ ರಸ್ತೆಯ ಧೂಳು ಎಷ್ಟು ಎಂದು ಗೊತ್ತಾಗುತ್ತದೆ. ಚಕ್ರದ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿಸಿ. ಈ ಮೂರರಿಂದಲೇ ನಿಮ್ಮ ಗಾಡಿ 42ರಿಂದ 46ಕ್ಕೆ ಬರಬೇಕು. ನಿಮ್ಮ ಮಗಳ ಲೆಕ್ಕದಲ್ಲಿ ತಿಂಗಳಿಗೆ ಎರಡು ಲೀಟರ್, ಐದು ಕಿಲೋ ಕಡಿಮೆ. ಖರ್ಚು ಒಂದು ಫಿಲ್ಟರಿನದು.

ಎರಡು ವಿಷಯ ಕಲಸಿಕೊಂಡಿದ್ದೀರಿ. ಕರವಸ್ತ್ರದ ಮೇಲಿನ ಕಪ್ಪು ಬೇರೆ, ಮಗಳು ಹೇಳಿದ 58 ಕಿಲೋ ಬೇರೆ. ಕಪ್ಪು ಎಂದರೆ ಮಸಿ ಮತ್ತು ರಸ್ತೆಯ ಧೂಳು, ಎದೆಗೆ ಇಳಿಯುವಂಥದು. ಪೆಟ್ರೋಲ್ ಗಾಡಿಯ ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಸರಿಯಾಗಿ ಉರಿಯದ ಪೆಟ್ರೋಲ್ ಎಷ್ಟು ಎಂದು ನೋಡುತ್ತಾರೆ. ಡೈಆಕ್ಸೈಡಿಗೆ ಮಿತಿಯೇ ಇಲ್ಲ. ಸರ್ಟಿಫಿಕೇಟ್ ಇದೆ ಎಂದಮಾತ್ರಕ್ಕೆ ಮಗಳ ಮುಂದೆ ಪಾಸಾಗುವುದಿಲ್ಲ.

ನಿಮ್ಮದು ಬಿಎಸ್ 3 (ಸರ್ಕಾರದ ಹೊಗೆ ಮಿತಿಯ ಹಳೆಯ ಹಂತ) ಕಾಲದ ಕಾರ್ಬುರೇಟರ್ ಗಾಡಿ. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗಳಿಗೆ ಹೋಲಿಸಿದರೆ ವಿಷದ ಹೊಗೆ ಖಂಡಿತ ಜಾಸ್ತಿ. ಆದರೆ ಒಂದು ಮಾತು ನೆನಪಿರಲಿ. ನೀವು ಮಾರಿದ ಕೂಡಲೇ ಅದು ಸಾಯುವುದಿಲ್ಲ. ನನ್ನಂಥವನ ಕೈಗೆ ಬರುತ್ತದೆ, ನಾನು ಬಣ್ಣ ಹೊಡೆದು ಕುಂದಗೋಳದ ಹಾಲಿನವನಿಗೆ ಮಾರುತ್ತೇನೆ, ಅವನು ಎರಡು ಕ್ಯಾನ್ ಕಟ್ಟಿಕೊಂಡು ಇನ್ನೂ ಹತ್ತು ವರ್ಷ ಓಡಿಸುತ್ತಾನೆ. ನಿಮ್ಮ ಮನೆಯ ಹಾಳೆ ಸ್ವಚ್ಛವಾಗುತ್ತದೆ, ಗಾಳಿ ಆಗುವುದಿಲ್ಲ.

ಇನ್ನೊಂದು: ಈಗ ಬರುವ ಪೆಟ್ರೋಲಿನಲ್ಲಿ ಐದನೆಯ ಒಂದು ಪಾಲು ಎಥೆನಾಲ್. ಹಳೆಯ ಗಾಡಿಯ ರಬ್ಬರ್ ಪೈಪು, ವಾಷರ್‌ಗಳಿಗೆ ಅದು ಹಿಡಿಸುವುದಿಲ್ಲ. ಸರ್ವಿಸಿಂಗ್ ಮಾಡಿಸುವಾಗ ಬದಲಿಸಿಕೊಳ್ಳಿ.

ರಾಣೇಬೆನ್ನೂರು ಕಡೆಯವ

ಎಥೆನಾಲ್ ಎಂದು ಕೇಳಿ ಬಂದೆ. ಆ ಐದನೆಯ ಪಾಲಿನಲ್ಲಿ ನನ್ನ ಹೊಲವೂ ಇದೆ. ಒಂದು ಕ್ವಿಂಟಲ್ ಗೋವಿನಜೋಳಕ್ಕೆ ಸುಮಾರು 38 ಲೀಟರ್ ಎಥೆನಾಲ್ ಬರುತ್ತದೆ. ನಿಮ್ಮ 25 ಲೀಟರ್ ಪೆಟ್ರೋಲಿನಲ್ಲಿ ಐದು ಲೀಟರ್ ಅದೇ. ಎಲ್ಲವೂ ಕಬ್ಬಿನದಲ್ಲ, ಗೋವಿನಜೋಳದ್ದು ಎಂದು ಹಿಡಿದರೆ ನಿಮ್ಮ ಸ್ಕೂಟರ್ ತಿಂಗಳಿಗೆ ಹದಿಮೂರು ಕಿಲೋ ಗೋವಿನಜೋಳ ತಿನ್ನುತ್ತದೆ. ನಮ್ಮ ಮನೆಯ ಎಮ್ಮೆಗೂ ಅಷ್ಟು ಸಿಗುವುದಿಲ್ಲ.

ಬೆಳೆ ಗಾಳಿಯಿಂದ ಹೀರಿದ ಇಂಗಾಲವೇ ಮರಳಿ ಗಾಳಿಗೆ ಹೋಗುತ್ತದೆ, ಅದಕ್ಕೆ ಲೆಕ್ಕವಿಲ್ಲ ಎನ್ನುತ್ತಾರೆ. ಯೂರಿಯಾ, ಟ್ರ್ಯಾಕ್ಟರಿನ ಡೀಸೆಲ್, ಕಾರ್ಖಾನೆಯ ಬಾಯ್ಲರ್ ಯಾರ ಲೆಕ್ಕಕ್ಕೆ? ಬೆಲೆ ಸಿಗುತ್ತಿರುವುದು ನಮಗೆ ಒಳ್ಳೆಯದೇ, ಆದರೆ ಪುಕ್ಕಟೆ ಪುಣ್ಯ ಎಂದು ತಿಳಿಯಬೇಡಿ.

ನಿಮ್ಮ ಕಡೆಯ ಚಿಗರಿ ಡೀಸೆಲ್ ಕುಡಿಯುತ್ತದೆ, ನಮ್ಮ ಕಡೆಯ ಚಿಗರಿ, ಅಂದರೆ ಕೃಷ್ಣಮೃಗ, ರಾತ್ರಿ ಕಾಡಿನಿಂದ ಬಂದು ಗೋವಿನಜೋಳದ ಸುಳಿ ಮೇಯುತ್ತದೆ. ಯಾವುದು ಪರಿಸರಕ್ಕೆ ಒಳ್ಳೆಯದು ಎಂದು ನನ್ನನ್ನು ಕೇಳಬೇಡಿ.

ಸಬ್‌ಸ್ಟೇಷನ್ ಕಾಕಾ, ಗದಗ

ತಮ್ಮಾ, ಮೊದಲು ನಿಮ್ಮ ಮಗಳಿಗೆ ನನ್ನ ಶಹಬ್ಬಾಸ್ ತಿಳಿಸಿ. ಮೂವತ್ತೊಂದು ವರ್ಷ ಸಬ್‌ಸ್ಟೇಷನ್ನುಗಳಲ್ಲಿ ರಾತ್ರಿ ಪಾಳಿ ಮಾಡಿದವನು ನಾನು. ಕರೆಂಟ್ ಎಲ್ಲಿಂದ ಬರುತ್ತದೆ ಎಂದು ಗಾಡಿ ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ನಮ್ಮ ಮನೆಯ ಮಹಡಿ ಹತ್ತಿದರೆ ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳು ಕಾಣುತ್ತವೆ. ಆಷಾಢದ ಗಾಳಿಗೆ ಎಲ್ಲವೂ ತಿರುಗುತ್ತಿರುತ್ತವೆ, ಚೈತ್ರದ ಮಧ್ಯಾಹ್ನ ಅರ್ಧಕ್ಕರ್ಧ ಕೈಕಟ್ಟಿ ನಿಂತಿರುತ್ತವೆ. ಹಗಲು ಪಾವಗಡದ ಸೋಲಾರ್ ಇದೆ, ಶರಾವತಿಯ ನೀರಿದೆ, ಕೈಗಾ ಇದೆ. ಸಂಜೆ ಏಳಕ್ಕೆ ಊರೆಲ್ಲ ದೀಪ, ಟಿವಿ, ಮಿಕ್ಸರ್ ಹಾಕುತ್ತದೆ. ಆಗ ಸೂರ್ಯ ಇರುವುದಿಲ್ಲ, ರಾಯಚೂರು ಮತ್ತು ಬಳ್ಳಾರಿಯಲ್ಲಿ ಕಲ್ಲಿದ್ದಲು ಹೆಚ್ಚು ಸುರಿಯಬೇಕಾಗುತ್ತದೆ. ನೀವು ಮನೆಗೆ ಬಂದು ಚಾರ್ಜರ್ ಚುಚ್ಚುವುದೂ ಅದೇ ಹೊತ್ತಿಗೆ.

ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ ಡೈಆಕ್ಸೈಡ್. ಕರ್ನಾಟಕದ ಸ್ವಂತ ಉತ್ಪಾದನೆ ಅದಕ್ಕಿಂತ ಸ್ವಚ್ಛ, ಆದರೆ ದೇಶದ ತಂತಿಗಳೆಲ್ಲ ಒಂದಕ್ಕೊಂದು ಜೋಡಿಸಿರುವುದರಿಂದ ನಾನು ಸರಾಸರಿಯನ್ನೇ ಹಿಡಿಯುತ್ತೇನೆ. ಮೂರು ಯೂನಿಟ್ ಬ್ಯಾಟರಿಯ ಸ್ಕೂಟರ್ ನಮ್ಮ ರಸ್ತೆಗಳಲ್ಲಿ 90 ಕಿಲೋಮೀಟರ್ ಓಡುತ್ತದೆ ಎನ್ನೋಣ. ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವುದು, ತಂತಿಯಲ್ಲಿ ಸೋರುವುದು ಎಲ್ಲ ಸೇರಿ ಕಿಲೋಮೀಟರಿಗೆ 30 ಗ್ರಾಂ. ನಿಮ್ಮ ಪೆಟ್ರೋಲ್ ಸ್ಕೂಟರ್ ಕಿಲೋಮೀಟರಿಗೆ 55. ಕಚ್ಚಾ ತೈಲವನ್ನು ಹಡಗಿನಲ್ಲಿ ತಂದು ಶುದ್ಧೀಕರಿಸಿ ಪೆಟ್ರೋಲ್ ಮಾಡಿ ಬಂಕಿಗೆ ಮುಟ್ಟಿಸುವ ಖರ್ಚು ಸೇರಿಸಿದರೆ ಇನ್ನೂ ಏರುತ್ತದೆ. ಕಲ್ಲಿದ್ದಲಿನ ಕರೆಂಟ್ ಬಳಸಿದರೆ ಎಲೆಕ್ಟ್ರಿಕ್ ಗಾಡಿಯೂ ಒಂದೇ ಎನ್ನುವ ಮಾತು ಸುಳ್ಳು, ಅದಕ್ಕೆ ಹೊಗೆಯೇ ಇಲ್ಲ ಎನ್ನುವುದೂ ಸುಳ್ಳು. ಹೆಚ್ಚೂಕಡಿಮೆ ಅರ್ಧ.

ತಯಾರಿಕೆಯ ಹೊಗೆ ಯಾರ ಖಾತೆಗೆ ಎಂದು ಕೇಳಿದ್ದೀರಿ. ಕೊಂಡವರ ಖಾತೆಗೇ. ಅಷ್ಟು ದೊಡ್ಡ ಬ್ಯಾಟರಿ ತಯಾರಾಗುವಾಗಲೇ ಇನ್ನೂರೈವತ್ತು ಕಿಲೋ ಆಸುಪಾಸು ಹೊಗೆ ಹೋಗಿರುತ್ತದೆ. ನೀವು ತಿಂಗಳಿಗೆ ಉಳಿಸುವುದು 26 ಕಿಲೋ. ಬ್ಯಾಟರಿಯ ಸಾಲ ತೀರಲು ಹತ್ತು ತಿಂಗಳು, ಉಳಿದ ಕಬ್ಬಿಣ, ಪ್ಲಾಸ್ಟಿಕ್ ಸೇರಿದರೆ ಒಂದೂವರೆ–ಎರಡು ವರ್ಷ. ದಿನಕ್ಕೆ 44 ಕಿಲೋಮೀಟರ್ ಓಡುವವರಿಗೆ ಇದು ಲಾಭ. ದಿನಕ್ಕೆ ಮೂರು ಕಿಲೋಮೀಟರ್ ಸಂತೆಗೆ ಹೋಗಿ ಬರುವ ನನ್ನಂಥವನು ಪರಿಸರದ ಹೆಸರು ಹೇಳಿ ಹೊಸ ಗಾಡಿ ಕೊಂಡರೆ ಆ ಸಾಲ ನನ್ನ ಆಯುಷ್ಯದಲ್ಲಿ ತೀರುವುದಿಲ್ಲ. ಒಂದು ವೇಳೆ ಕೊಂಡರೆ ಕಾರ್ಖಾನೆಯಲ್ಲಿ ಮಧ್ಯಾಹ್ನ ಚಾರ್ಜ್ ಮಾಡಿಕೊಳ್ಳಲು ಮಾಲೀಕರನ್ನು ಕೇಳಿ.

ಇಷ್ಟೆಲ್ಲ ಹೇಳಿ ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಆ ಡೀಸೆಲ್ ಕಾರಿನ ಮಾತು ಇಲ್ಲಿ ಬೇಡ ಎಂದಿರಿ. ಲೆಕ್ಕದವರು ಒಂದು ಪುಟ ಮಡಚಿಟ್ಟುಕೊಂಡರೆ ನನಗೆ ಆ ಪುಟವನ್ನೇ ನೋಡಬೇಕು ಎನ್ನಿಸುತ್ತದೆ. ಊರು ಯಾವುದು? ಎಷ್ಟು ದೂರ? ಕಾರಿನಲ್ಲಿ ಎಷ್ಟು ಜನ?

ಸಪ್ತಾಪುರದವ

ಕಾಕಾ, ಹಿಡಿದುಬಿಟ್ಟಿರಿ. ಊರು ಗದಗದ ಆಚೆ, ಡಂಬಳದ ಹತ್ತಿರ. ಹೋಗಿ ಬರಲು 200 ಕಿಲೋಮೀಟರ್, ತಿಂಗಳಿಗೆ ಎರಡು ಭಾನುವಾರ. ಹೆಚ್ಚಿನ ಸಲ ನಾನೊಬ್ಬನೇ. ಮಗಳಿಗೆ ಟ್ಯೂಷನ್, ಹೆಂಡತಿಗೆ ಆ ಬಿಸಿಲಿನಲ್ಲಿ ತಲೆನೋವು. ಕಾರು ಲೀಟರಿಗೆ 18 ಕೊಡುತ್ತದೆ.

ಬರೆಯುತ್ತಾ ನಾನೇ ಲೆಕ್ಕ ಹಾಕಿದೆ. 22 ಲೀಟರ್ ಡೀಸೆಲ್, ಲೀಟರಿಗೆ 2.7 ಕಿಲೋ. 60 ಕಿಲೋ. ಎರಡು ಭಾನುವಾರ ಕೂಡಿ 24 ದಿನದ ಸ್ಕೂಟರನ್ನು ಮೀರಿಸಿದವು. ಇದನ್ನು ಮಗಳಿಗೆ ಇನ್ನೂ ತೋರಿಸಿಲ್ಲ.

ಆದರೆ ನನ್ನ ಕಷ್ಟವನ್ನೂ ಕೇಳಿ. ಅವ್ವ ಒಬ್ಬಳೇ ಇದ್ದಾಳೆ. ಬರುವಾಗ ಬಿಳಿಜೋಳದ ಚೀಲ, ಹುರುಳಿ, ಶೇಂಗಾ, ಒಂದು ಸಲ ಮೂರು ಕುಂಬಳಕಾಯಿ ಡಿಕ್ಕಿಯಲ್ಲಿ ಹಾಕಿಬಿಡುತ್ತಾಳೆ. ಬೇಡ ಎಂದರೆ ಊಟ ಬಿಡುತ್ತಾಳೆ. ಅದನ್ನು ಹೊತ್ತು ಗದಗ ಬಸ್ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಹೇಗೆ ಹೋಗಲಿ?

ನವನಗರದ ಅಕ್ಕ

ಅಣ್ಣಾವರೇ, ಜೋಳದ ಚೀಲಕ್ಕಾಗಿ ಕಾರು ತೆಗೆದುಕೊಂಡು ಹೋಗುತ್ತೀರೋ, ಕಾರು ಇದೆ ಎಂದು ಅವ್ವ ಚೀಲ ತುಂಬಿಸುತ್ತಾರೋ ಎಂದು ಒಮ್ಮೆ ಯೋಚಿಸಿ. ನಮ್ಮ ಅತ್ತೆ ನಾನು ಬಸ್ಸಿನಲ್ಲಿ ಹೋದರೆ ಕೈಚೀಲ ಕೊಡುತ್ತಾರೆ, ನಮ್ಮ ಮನೆಯವರು ಕಾರಿನಲ್ಲಿ ಹೋದರೆ ಮೂಟೆ ಕೊಡುತ್ತಾರೆ.

ಚಿಗರಿಯ ಬಗ್ಗೆ ನಾನು ಹೇಳುತ್ತೇನೆ. 2018ರಲ್ಲಿ ಪ್ರಾಯೋಗಿಕವಾಗಿ ಓಡಿಸಲು ಶುರು ಮಾಡಿದಾಗಿನಿಂದ ಅದರಲ್ಲೇ ಓಡಾಡುತ್ತಿದ್ದೇನೆ. ನವನಗರದಲ್ಲಿ ಹತ್ತಿ ಕಿಮ್ಸ್ ಆಸ್ಪತ್ರೆಯ ಹತ್ತಿರ ಇಳಿಯುತ್ತೇನೆ. ಈ ರಸ್ತೆ ಅಗಲ ಮಾಡುವಾಗ ಎರಡೂ ಬದಿಯ ದೊಡ್ಡ ಮರಗಳು ಹೋದವು, ಅದನ್ನು ಮರೆತು ಬಸ್ಸನ್ನು ಹೊಗಳಲು ನನಗೆ ಆಗುವುದಿಲ್ಲ. ಉಣಕಲ್ ಕಡೆ ಮೊದಲು ನೆರಳಿನಲ್ಲಿ ನಿಂತು ಬಸ್ಸಿಗೆ ಕಾಯುತ್ತಿದ್ದೆವು, ಈಗ ಗಾಜಿನ ನಿಲ್ದಾಣದಲ್ಲಿ ಕಾಯುತ್ತೇವೆ. ಅಷ್ಟು ಬೆಲೆ ಕೊಟ್ಟು ಮಾಡಿದ ದಾರಿ ಅದು. ಅದರ ಪಕ್ಕದಲ್ಲಿ ನೀವು ಒಬ್ಬರೇ ಸ್ಕೂಟರ್ ಓಡಿಸಿಕೊಂಡು ಹೋದರೆ ಮರಗಳು ಸುಮ್ಮನೆ ಹೋದಂತೆ.

ಕಾಕಾ ಅವರಂತೆ ನಾನೂ ಸ್ವಲ್ಪ ಲೆಕ್ಕ ಹಾಕಿದೆ. ಎಸಿ ಬಸ್ಸು ಲೀಟರಿಗೆ ಎರಡೂವರೆ ಕಿಲೋಮೀಟರ್ ಓಡುತ್ತದೆ ಎಂದು ಹಿಡಿಯೋಣ. ನಲವತ್ತು ಜನ ಕುಳಿತಿದ್ದರೆ ಕಿಲೋಮೀಟರಿಗೆ ತಲೆಗೆ 27 ಗ್ರಾಂ, ಹೆಚ್ಚೂಕಡಿಮೆ ಎಲೆಕ್ಟ್ರಿಕ್ ಸ್ಕೂಟರಿಗೆ ಸಮ. ಮಧ್ಯಾಹ್ನ ಹದಿನೈದೇ ಜನ ಇದ್ದರೆ ತಲೆಗೆ 72, ನಿಮ್ಮ ಹಳೆಯ ಸ್ಕೂಟರಿಗಿಂತ ಜಾಸ್ತಿ! ನನಗೂ ಆಶ್ಚರ್ಯವಾಯಿತು. ಆದರೆ ಆ ಬಸ್ಸು ನೀವು ಹತ್ತಿದರೂ ಓಡುತ್ತದೆ, ಬಿಟ್ಟರೂ ಓಡುತ್ತದೆ. ನೀವು ಹತ್ತಿದ್ದರಿಂದ ಹೆಚ್ಚುವ ಡೀಸೆಲ್ ಎಷ್ಟು?

ತೊಂದರೆ ಬಸ್ಸಿನಲ್ಲಿಲ್ಲ, ಎರಡು ತುದಿಗಳಲ್ಲಿದೆ. ಸಪ್ತಾಪುರದಿಂದ ಜುಬಿಲಿ ವೃತ್ತಕ್ಕೆ ನಡೆಯಬೇಕು. ಹೊಸೂರಿನಲ್ಲಿ ಇಳಿದು ಗೋಕುಲ ರಸ್ತೆಗೆ ಇನ್ನೊಂದು ಬಸ್ಸೋ ಆಟೋವೋ ಬೇಕು. ಮಳೆಗಾಲದಲ್ಲಿ ಆ ಕೊನೆಯ ಮೂರು ಕಿಲೋಮೀಟರ್ ಇಪ್ಪತ್ತು ಕಿಲೋಮೀಟರಿಗಿಂತ ದೊಡ್ಡದು. ಅದಕ್ಕೆ ಎಲ್ಲ ದಿನವೂ ಬಸ್ಸು ಎಂದು ಪ್ರತಿಜ್ಞೆ ಮಾಡಬೇಡಿ. ಪ್ರತಿಜ್ಞೆ ಮಾಡಿದವರೆಲ್ಲ ಹದಿನೈದು ದಿನಕ್ಕೆ ಬಿಟ್ಟಿದ್ದನ್ನು ನೋಡಿದ್ದೇನೆ. ವಾರಕ್ಕೆ ಮೂರು ದಿನ ಎಂದು ಇಟ್ಟುಕೊಳ್ಳಿ.

ಕೇಶ್ವಾಪುರ ಗ್ಯಾರೇಜ್

ಅಕ್ಕಾವರು ಹೇಳಿದ್ದು ಸರಿ. ನನ್ನ ಧಂದೆಗೆ ನಷ್ಟ, ಆದರೂ ಸರಿ. ಸರ್, ನಿಮ್ಮ ಗಾಡಿಯ ನೋಂದಣಿಗೆ 2027ಕ್ಕೆ ಹದಿನೈದು ವರ್ಷ ತುಂಬುತ್ತದೆ. ಹೇಗೂ ಆಗ ಮತ್ತೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಎಲೆಕ್ಟ್ರಿಕ್ ಕೊಳ್ಳುವ ಯೋಚನೆಯನ್ನು ಅಲ್ಲಿಯವರೆಗೆ ತಡೆಹಿಡಿಯಿರಿ. ಕೊಳ್ಳುವಾಗ ಹಳೆಯದನ್ನು ನನ್ನಂಥವನಿಗೆ ಕೊಡಬೇಡಿ, ಗುಜರಿ ಕೇಂದ್ರಕ್ಕೆ ಕೊಟ್ಟು ನೋಂದಣಿ ರದ್ದು ಮಾಡಿಸಿ. ಹಾಲಿನವನಿಗೆ ನಾನು ಬೇರೆ ಗಾಡಿ ಹುಡುಕುತ್ತೇನೆ.

ಸಪ್ತಾಪುರದವ (ಆರು ವಾರದ ನಂತರ)

ಕೇಳಿ ಮರೆತವನು ಎಂದುಕೊಂಡಿರಬೇಡಿ ಎಂದು ಬರೆಯುತ್ತಿದ್ದೇನೆ.

ಹಿಂದಿನ ಬ್ರೇಕ್ ನಿಜವಾಗಿಯೂ ಹಿಡಿದುಕೊಂಡಿತ್ತು. ಫಿಲ್ಟರ್ ಬಡಿದಾಗ ಬಿದ್ದ ಮಣ್ಣಿನಲ್ಲಿ ತುಳಸಿ ಗಿಡ ಹಚ್ಚಬಹುದಿತ್ತು. ಈಗ 46 ಕೊಡುತ್ತಿದೆ.

ಕಳೆದ ತಿಂಗಳು ಹದಿಮೂರು ದಿನ ಚಿಗರಿ, ಹನ್ನೊಂದು ದಿನ ಸ್ಕೂಟರ್. ಜಿಎಸ್‌ಟಿ ಸಲ್ಲಿಸುವ 20ನೇ ತಾರೀಖಿನ ಹಿಂದಿನ ಮೂರ್ನಾಲ್ಕು ದಿನ ಬಸ್ಸಿಗೆ ಕೈಮುಗಿದುಬಿಟ್ಟೆ, ಆಗ ಮನೆಗೆ ಹೋಗುವುದು ರಾತ್ರಿ ಹತ್ತಕ್ಕೆ. ಸ್ಕೂಟರಿನಲ್ಲಿ ಐವತ್ತು ನಿಮಿಷದ ದಾರಿ ಬಸ್ಸಿನಲ್ಲಿ ಒಂದು ಗಂಟೆ ಇಪ್ಪತ್ತೈದು ನಿಮಿಷ. ಆ ಮೂವತ್ತೈದು ನಿಮಿಷ ಉಪಯೋಗವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ನಿದ್ದೆ ಮಾಡುತ್ತೇನೆ. ಒಮ್ಮೆ ಹೊಸೂರು ದಾಟಿ ರೈಲು ನಿಲ್ದಾಣದವರೆಗೂ ಹೋಗಿ ಎದ್ದೆ.

ಊರಿಗೆ ಒಂದು ಸಲ ಕಾರು, ಒಂದು ಸಲ ರೈಲು. ಗದಗಿನವರೆಗೆ ಕರೆಂಟ್ ಇಂಜಿನ್ನಿನ ರೈಲು, ಅಲ್ಲಿಂದ ಡಂಬಳಕ್ಕೆ ಬಸ್ಸು, ಕೊನೆಯ ಮೂರು ಕಿಲೋಮೀಟರ್ ಟಂಟಂ. ಕಾರಿಲ್ಲದೆ ಬಂದವನನ್ನು ನೋಡಿ ಅವ್ವ ಮೊದಲು ಬಾಗಿಲ ಹೊರಗೆ ಬಂದು ಬೀದಿಯ ಎರಡೂ ಕಡೆ ನೋಡಿದಳು. ಆಮೇಲೆ ಪಕ್ಕದ ಮನೆಯವರಿಗೆ ಕೇಳಿಸಬಾರದೆಂದು ತಗ್ಗಿದ ದನಿಯಲ್ಲಿ, "ನೌಕರಿ ಹೋಯಿತೇನೋ?" ಎಂದಳು. ಇಲ್ಲ, ಹೊಗೆ ಕಡಿಮೆ ಮಾಡಲು ಹೀಗೆ ಬಂದೆ ಎಂದರೆ ನಂಬಲಿಲ್ಲ. ಊಟ ಮುಗಿಯುವವರೆಗೆ ಎರಡು ಸಲ ಮತ್ತೆ ಕೇಳಿದಳು.

ಮಗಳಿಗೆ ಮಡಚಿದ ಪುಟವನ್ನೂ ತೋರಿಸಿದೆ. ಮೊದಲು 58 ಮತ್ತು 60, ಒಟ್ಟು 118 ಕಿಲೋ ಇತ್ತು. ಈಗ ಸ್ಕೂಟರ್ 24, ಕಾರು 30, ಒಟ್ಟು 54 ಎಂದು ಬರೆದು ಹೆಮ್ಮೆಯಿಂದ ಕೊಟ್ಟೆ. ಅವಳು ಕೆಂಪು ಪೆನ್ನಿನಿಂದ ಬಸ್ಸಿನಲ್ಲಿ ನನ್ನ ಪಾಲು ಎಂದು 14 ಸೇರಿಸಿ 68 ಮಾಡಿದಳು. ಆ ಬಸ್ಸು ನಾನಿಲ್ಲದಿದ್ದರೂ ಓಡುತ್ತದೆ ಎಂದು ಅಕ್ಕಾವರ ವಾದ ಮುಂದಿಟ್ಟೆ. "ಎಲ್ಲರೂ ಹಾಗೆಯೇ ಎಂದರೆ ಬಸ್ಸಿನ ಹೊಗೆ ಯಾರದು?" ಎಂದಳು. 68 ಹಾಗೆಯೇ ಉಳಿಯಿತು. ರೈಲಿನ ಪಾಲು ಇನ್ನೂ ಬಾಕಿ ಇದೆಯಂತೆ.

ಅವ್ವ ಈ ಸಲ ಕೊಟ್ಟದ್ದು ಅರ್ಧ ಚೀಲ ಜೋಳ. ಹೆಗಲ ಮೇಲೆ ಹೊತ್ತು ಬಸ್ ಹತ್ತಿದೆ, ಕಂಡಕ್ಟರ್ ಚೀಲಕ್ಕೆ ಲಗೇಜ್ ಟಿಕೆಟ್ ಹರಿದು ಕೊಟ್ಟರು. ಉಳಿದ ಅರ್ಧವನ್ನು ಅವ್ವ ಹುರಿಯಿಂದ ಬಾಯಿ ಕಟ್ಟಿ ಪಡಸಾಲೆಯ ಮೂಲೆಯಲ್ಲಿ ಇಟ್ಟಿದ್ದಾಳೆ, ಕಾರು ಬರುವ ಭಾನುವಾರಕ್ಕೆ.